ಬರೆಯದೇ ಹೋದವರ ಕತೆ

ಡ್ರೂಯಿಡ್ ಅಂದ್ರೆ ನನಗೆ ಮೊದಲು ನೆನಪಾಗೋದು ಆಸ್ಟೆರಿಕ್ಸ್ ಕಾಮಿಕ್ಸಿನ ಗೆಟಾಫಿಕ್ಸ್ ತಾತ. ಆ ಬಿಳಿ ನಿಲುವಂಗಿ, ಚಿನ್ನದ ಕುಡುಗೋಲು ಎರಡೂ ಮೊದಲನೇ ಶತಮಾನದಲ್ಲೇ ರೋಮಿನ ಪ್ಲಿನಿ ಬರೆದಿಟ್ಟದ್ದು.

ಗಾಲ್ ದೇಶದ ಈ ಪುರೋಹಿತರಲ್ಲಿ ಕೆಲವರು 20 ವರ್ಷ ಪದ್ಯಗಳನ್ನು ಬಾಯಿಪಾಠ ಮಾಡ್ತಿದ್ರಂತೆ. ತಮ್ಮ ವಿದ್ಯೆಯನ್ನು ಬರೆದಿಡೋದು ತಪ್ಪು ಅಂತಿದ್ರಂತೆ. ಹೀಗೆ ಹೇಳಿದವನು ಜೂಲಿಯಸ್ ಸೀಸರ್. ನರಬಲಿ ಕೊಡ್ತಿದ್ರು ಅಂದವನೂ ಅವನೇ. ಗಾಲ್ ಗೆಲ್ಲೋಕೆ ಹೊರಟವನ ಮಾತನ್ನು ಎಷ್ಟು ನಂಬೋಣ, ಹೇಳಿ?

1740ರಲ್ಲಿ ವಿಲಿಯಂ ಸ್ಟೂಕ್ಲಿ, ಸ್ಟೋನ್‌ಹೆಂಜ್ ಡ್ರೂಯಿಡರ ದೇವಸ್ಥಾನ ಅಂತ ಪುಸ್ತಕವನ್ನೇ ಬರೆದ. ಸೀಸರನ ಕಾಲಕ್ಕೇ ಆ ಕಲ್ಲುಗಳು ನಿಂತು 2000 ವರ್ಷ ದಾಟಿತ್ತು!

ಶತ್ರುವಿಗೆ ಕ್ರೂರಿಗಳು, ಅಭಿಮಾನಿಗೆ ಋಷಿಗಳು. ಅವರದೇ ಅನ್ನೋ ಒಂದು ಸಾಲೂ ಉಳಿದಿಲ್ಲ. ಅದಕ್ಕೇ ಈಗ ಯಾವ ಇತಿಹಾಸ ಓದಿದರೂ, ಇದನ್ನು ಬರೆದವರು ಯಾರು ಅಂತ ಮೊದಲು ನೋಡ್ತೀನಿ.