ಹಂಗಾಮು ಮುಗಿಯದ ಹಂಗಾಮಿ ಕೆಲಸ

ಕನ್ನಡದ ಸರ್ಕಾರಿ ಕಡತಗಳಲ್ಲಿ ‘ಹಂಗಾಮಿ’ ಎಂಬ ಮಾತು ಹಳೆಯದು. ಹಂಗಾಮಿ ನೌಕರ, ಹಂಗಾಮಿ ಪ್ರಾಚಾರ್ಯ, ಹಂಗಾಮಿ ಕುಲಪತಿ. ಗುಜರಾತಿಯಲ್ಲೂ ಇದೇ ಮಾತು ಇದೇ ಅರ್ಥದಲ್ಲಿ ಬಳಕೆಯಲ್ಲಿದೆ. ಎರಡೂ ಭಾಷೆಗಳಿಗೆ ಇದು ಪರ್ಷಿಯನ್ನಿನ ‘ಹಂಗಾಮ್’ ಎಂಬ ಪದದಿಂದ ಬಂತು. ಅದರ ಅರ್ಥ ಸಮಯ, ಕಾಲ. ನಮ್ಮ ರೈತರು ಮುಂಗಾರು ಹಂಗಾಮು, ಹಿಂಗಾರು ಹಂಗಾಮು ಎನ್ನುವುದೂ ಅದೇ ಪದ. ಹಂಗಾಮು ಎಂದರೆ ಬರುವುದು, ಫಲ ಕೊಡುವುದು, ಮುಗಿಯುವುದು. ಹಾಗಾದರೆ ಹಂಗಾಮಿ ಕೆಲಸವೂ ಒಂದು ದಿನ ಮುಗಿಯಬೇಕಾದ ಕೆಲಸ.

ಕಳೆದ ನಾಲ್ಕು ದಶಕಗಳಲ್ಲಿ ಈ ಅರ್ಥ ತಲೆಕೆಳಗಾಗಿದೆ. ಕೆಲಸ ಮುಗಿಯುವುದಿಲ್ಲ, ಅದನ್ನು ಮಾಡುವವರು ಮಾತ್ರ ಹಂಗಾಮಿಯಾಗಿಯೇ ಉಳಿಯುತ್ತಾರೆ. ಓದಿದ ವಿದ್ಯೆಗೆ ತಕ್ಕ ನೌಕರಿ ಸಿಗದೆ ಟ್ಯೂಷನ್ ಕ್ಲಾಸನ್ನೋ ಸಣ್ಣ ವರ್ಕ್‌ಶಾಪನ್ನೋ ಮನೆಯ ನಕ್ಷೆ ಬರೆದುಕೊಡುವ ಕಸುಬನ್ನೋ ನಡೆಸುತ್ತಿದ್ದವರು ಅದನ್ನು ಬಿಟ್ಟು ಸರ್ಕಾರಿ ಕಾಲೇಜಿನ ಗುತ್ತಿಗೆ ಹುದ್ದೆಗೆ ಹೋಗುವುದು ಇಂದು ಎಲ್ಲ ಊರುಗಳಲ್ಲೂ ಕಾಣುವ ಸಂಗತಿ. ಸ್ವಂತ ಗಳಿಕೆ ಕಡಿಮೆಯಾದರೂ ಅದು ಅವರ ಕೈಯಲ್ಲಿತ್ತು. ಅದನ್ನು ಬಿಟ್ಟು ಅವರು ಪಡೆಯುವುದೇನು ಎಂಬ ಪ್ರಶ್ನೆಗೆ ಒಂದು ಚರಿತ್ರೆಯಿದೆ. ಅದರ ಒಂದು ತುದಿ ಗುಜರಾತಿನಲ್ಲಿದ್ದರೆ ಇನ್ನೊಂದು ತುದಿ ಕರ್ನಾಟಕದಲ್ಲಿದೆ.

ಅಹಮದಾಬಾದಿನ ವಸ್ತ್ರಾಪುರ ಹಿಂದೆ ಊರಾಚೆಯ ಒಂದು ಹಳ್ಳಿ. 1961ರಲ್ಲಿ ಸ್ಥಾಪನೆಯಾದ ಭಾರತೀಯ ಆಡಳಿತ ನಿರ್ವಹಣಾ ಸಂಸ್ಥೆ ಇಲ್ಲಿ ನೆಲೆಯೂರಿತು. ಅಮೆರಿಕದ ಲೂಯಿ ಕಾನ್ ಅದರ ಇಟ್ಟಿಗೆಯ ಕಟ್ಟಡಗಳನ್ನು ರೂಪಿಸಿದರು. ಗುಜರಾತ್ ವಿಶ್ವವಿದ್ಯಾಲಯವೂ 1948ರಲ್ಲಿ ಶುರುವಾದ ಎಲ್.ಡಿ. ಸರ್ಕಾರಿ ಎಂಜಿನಿಯರಿಂಗ್ ಕಾಲೇಜೂ ಇಲ್ಲಿಂದ ದೂರವಿಲ್ಲ. ಇನ್ನೊಂದು ದಿಕ್ಕಿನಲ್ಲಿ, ಸೋಲಾದಲ್ಲಿ ಗುಜರಾತ್ ಹೈಕೋರ್ಟ್ ಇದೆ. ವಿದ್ಯೆ ಕೊಡುವ ಸಂಸ್ಥೆಗಳೂ ಆ ವಿದ್ಯೆಗೆ ತಕ್ಕ ಸಂಬಳ ಸಿಗಲಿಲ್ಲವೆಂದು ಮೊರೆಯಿಡುವ ನ್ಯಾಯಾಲಯವೂ ನಗರದ ಇದೇ ಭಾಗದಲ್ಲಿವೆ.

ಖೇತಿ ಉತ್ತಮ, ವ್ಯಾಪಾರ ಮಧ್ಯಮ, ನೌಕರಿ ಕನಿಷ್ಠ ಎಂಬ ಹಳೆಯ ಗಾದೆಯನ್ನು ಗುಜರಾತಿಗಳೂ ಹೇಳುತ್ತಾರೆ. ಅಂಥ ನಾಡಿನಲ್ಲಿ ಸ್ವಂತ ಕಸುಬು ಬಿಟ್ಟು ಹಂಗಾಮಿ ನೌಕರಿಗೆ ಹೋದವರಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು ಮೋಹನದಾಸ ಗಾಂಧಿಯವರದು. ದಕ್ಷಿಣ ಆಫ್ರಿಕಾದಲ್ಲಿ ಅವರು ನಡೆಸಿದ ಹೋರಾಟ ಎಲ್ಲರಿಗೂ ಗೊತ್ತು. ಅವರನ್ನು ಅಲ್ಲಿಗೆ ಕರೆದೊಯ್ದ ನೌಕರಿಯ ಕರಾರನ್ನು ಮಾತ್ರ ಯಾರೂ ಅಷ್ಟಾಗಿ ಗಮನಿಸುವುದಿಲ್ಲ.

1891ರ ಜೂನ್‌ನಲ್ಲಿ ಲಂಡನ್ನಿನಲ್ಲಿ ಬ್ಯಾರಿಸ್ಟರ್ ಆದ ಗಾಂಧಿ ಮುಂಬೈಯಲ್ಲಿ ವಕೀಲಿಗೆ ನಿಂತರು. ಮೊದಲ ಮೊಕದ್ದಮೆಯಲ್ಲಿ ಪಾಟೀಸವಾಲಿಗೆ ಎದ್ದು ನಿಂತರೂ ಬಾಯಿ ಬರಲಿಲ್ಲ. 30 ರೂಪಾಯಿ ಶುಲ್ಕವನ್ನು ಹಿಂತಿರುಗಿಸಿದರು. ತಿಂಗಳಿಗೆ 75 ರೂಪಾಯಿಯ ಇಂಗ್ಲಿಷ್ ಶಿಕ್ಷಕನ ಕೆಲಸಕ್ಕೆ ಅರ್ಜಿ ಹಾಕಿದರೆ, ಪದವೀಧರನಲ್ಲ ಎಂಬ ಕಾರಣಕ್ಕೆ ಅದೂ ತಪ್ಪಿತು. ಕೊನೆಗೆ ರಾಜಕೋಟೆಗೆ ಮರಳಿ ಅರ್ಜಿ, ಮನವಿಗಳನ್ನು ಬರೆದುಕೊಡುವ ಕೆಲಸ ಹಿಡಿದರು. ತಿಂಗಳಿಗೆ ಸರಾಸರಿ 300 ರೂಪಾಯಿ ಬರತೊಡಗಿತು. ಆ ಕಾಲಕ್ಕೆ ಅದು ಕಡಿಮೆ ಹಣವಲ್ಲ. ಆದರೆ ಕೆಲಸ ಬರುತ್ತಿದ್ದುದು ಅಣ್ಣನ ಪಾಲುದಾರ ವಕೀಲರ ಕೃಪೆಯಿಂದ. ಮುಂಬೈಯಲ್ಲಿ ದಲ್ಲಾಳಿಗಳಿಗೆ ಕಮಿಷನ್ ಕೊಡಲೊಪ್ಪದಿದ್ದವರು ಇಲ್ಲಿ ಕೇಸು ಕೊಟ್ಟ ವಕೀಲರಿಗೆ ಕಮಿಷನ್ ಕೊಡಬೇಕಾಯಿತು. ಬ್ಯಾರಿಸ್ಟರ್ ವಿದ್ಯೆ ಕಲಿತವರು ಅರ್ಜಿ ಬರೆಯುವವರಾಗಿದ್ದರು.

ಆಗ ಬಂದದ್ದು ದಾದಾ ಅಬ್ದುಲ್ಲಾ ಕಂಪನಿಯ ಕರೆ. ಪೋರಬಂದರ್ ಮೂಲದ ಈ ಮೆಮನ್ ವ್ಯಾಪಾರಿಗಳು 40,000 ಪೌಂಡುಗಳ ಬಾಕಿಗಾಗಿ ದಕ್ಷಿಣ ಆಫ್ರಿಕಾದಲ್ಲಿ ದಾವೆ ಹೂಡಿದ್ದರು. ಅಲ್ಲಿನ ವಕೀಲರಿಗೆ ವಿಷಯ ತಿಳಿಸಲು, ಪತ್ರವ್ಯವಹಾರ ನೋಡಿಕೊಳ್ಳಲು ಒಬ್ಬರು ಬೇಕಿತ್ತು. ಕರಾರು ಸರಳವಾಗಿತ್ತು: ಒಂದು ವರ್ಷಕ್ಕೆ ಮೀರದ ಕೆಲಸ, ಹೋಗಿಬರಲು ಮೊದಲ ದರ್ಜೆಯ ಪ್ರಯಾಣ ವೆಚ್ಚ, ಊಟ ವಸತಿ, ಒಟ್ಟು 105 ಪೌಂಡ್. ಆಗಿನ ವಿನಿಮಯದಲ್ಲಿ ಅದು 2,000 ರೂಪಾಯಿಯನ್ನೂ ಮುಟ್ಟುತ್ತಿರಲಿಲ್ಲ. ರಾಜಕೋಟೆಯ ವರ್ಷದ ಗಳಿಕೆಗೆ ಹೋಲಿಸಿದರೆ ಸುಮಾರು ಅರ್ಧ. ಬ್ಯಾರಿಸ್ಟರ್ ಆಗಿ ಅಲ್ಲ, ಕಂಪನಿಯ ಆಳಾಗಿ ಹೋಗುತ್ತಿದ್ದೇನೆ ಎಂಬುದು ಅವರಿಗೆ ಗೊತ್ತಿತ್ತು. ಆದರೂ ಚೌಕಾಸಿ ಮಾಡದೆ ಒಪ್ಪಿಕೊಂಡು, 1893ರ ಏಪ್ರಿಲ್‌ನಲ್ಲಿ, 23ನೇ ವಯಸ್ಸಿನಲ್ಲಿ ಹಡಗು ಹತ್ತಿದರು.

ಅಲ್ಲಿ ಮೊಕದ್ದಮೆ ಪೂರ್ತಿ ಲೆಕ್ಕಪತ್ರಗಳ ಮೇಲೆ ನಿಂತಿತ್ತು. ಲೆಕ್ಕ ಬಾರದ ಗಾಂಧಿ ಪುಸ್ತಕ ತರಿಸಿ ಜಮಾಖರ್ಚು ಕಲಿತರು. ಕಡೆಗೆ ಎರಡೂ ಕಡೆಯವರನ್ನು ಪಂಚಾಯಿತಿಗೆ ಒಪ್ಪಿಸಿ ವ್ಯಾಜ್ಯ ಮುಗಿಸಿದರು. ಕರಾರಿನ ಕೆಲಸ ಮುಗಿಯಿತು. ಮತದಾನದ ಹಕ್ಕು ಕಸಿಯುವ ಮಸೂದೆಯ ವಿರುದ್ಧ ಹೋರಾಡಲು ಭಾರತೀಯರು ಅವರನ್ನು ಉಳಿಸಿಕೊಂಡಾಗ ಸಾರ್ವಜನಿಕ ಕೆಲಸಕ್ಕೆ ಸಂಬಳ ಬೇಡವೆಂದರು. ಇಪ್ಪತ್ತರಷ್ಟು ವರ್ತಕರು ತಮ್ಮ ಕಾನೂನು ಕೆಲಸ ಕೊಟ್ಟು ವರ್ಷದ ಶುಲ್ಕ ಮುಂಗಡವಾಗಿ ನೀಡಿದರು. ಹಂಗಾಮಿ ಕೆಲಸ ಅವರನ್ನು ಮತ್ತೆ ಸ್ವಂತ ವೃತ್ತಿಗೇ ಮುಟ್ಟಿಸಿತು. ಈ ಸಲ ಅದು ಅರ್ಜಿ ಬರೆಯುವ ಕೆಲಸವಲ್ಲ, ನಿಜವಾದ ವಕೀಲಿ.

ಆ ಕರಾರು ಒಳ್ಳೆಯದಾಗಿದ್ದದ್ದು ಸಂಬಳದಿಂದಲ್ಲ. ಅದಕ್ಕೆ ಒಂದು ಕೊನೆಯಿತ್ತು, ವಾಪಸು ಬರುವ ಟಿಕೆಟ್ಟಿತ್ತು. ಕೆಲಸ ತಾತ್ಕಾಲಿಕವಾಗಿತ್ತು, ಏಕೆಂದರೆ ಮೊಕದ್ದಮೆ ತಾತ್ಕಾಲಿಕವಾಗಿತ್ತು.

ಸ್ವತಂತ್ರ ಭಾರತದ ಸರ್ಕಾರಗಳು ಕಂಡುಕೊಂಡ ಹಂಗಾಮಿ ಕೆಲಸ ಬೇರೆ ತರಹದ್ದು. ರಸ್ತೆ, ಕಚೇರಿ, ತರಗತಿ ಎಲ್ಲವೂ ನಿತ್ಯದ ಅಗತ್ಯಗಳೇ. ಆದರೆ ಕಾಯಂ ಹುದ್ದೆ ತುಂಬಿದರೆ ಸಂಬಳ, ಬಡ್ತಿ, ಪಿಂಚಣಿ ಕೊಡಬೇಕು. ಹಾಗಾಗಿ ದಿನಗೂಲಿಯ ಮೇಲೆ ಜನರನ್ನು ತೆಗೆದುಕೊಳ್ಳುವುದು ರೂಢಿಯಾಯಿತು. ಕರ್ನಾಟಕದಲ್ಲಿ 1980ರ ದಶಕದ ಹೊತ್ತಿಗೆ ಇಂಥವರ ಸಂಖ್ಯೆ ಸುಮಾರು 50,000ಕ್ಕೆ ಏರಿತ್ತು. ಧಾರವಾಡ ಜಿಲ್ಲೆಯ ಲೋಕೋಪಯೋಗಿ ಇಲಾಖೆಯ ಅಕ್ಷರಸ್ಥ ದಿನಗೂಲಿ ನೌಕರರ ಸಂಘ ಸುಪ್ರೀಂ ಕೋರ್ಟಿಗೆ ಹೋಯಿತು. 1990ರ ಫೆಬ್ರವರಿಯಲ್ಲಿ ಬಂದ ತೀರ್ಪು, ಹತ್ತು ವರ್ಷ ದುಡಿದವರನ್ನು ಹಂತ ಹಂತವಾಗಿ ಕಾಯಂ ಮಾಡುವ ದಾರಿ ತೋರಿಸಿತು. ಸ್ವಲ್ಪ ಕಾಲ ತಾಳಿಕೊಂಡರೆ ಕಾಯಂ ಆಗುತ್ತದೆ ಎಂಬ ನಂಬಿಕೆಗೆ ಹೀಗೆ ಆಧಾರ ಸಿಕ್ಕಿತು.

ಆ ನಂಬಿಕೆಯನ್ನು ಅಲುಗಿಸಿದ ಮೊಕದ್ದಮೆಯೂ ಕರ್ನಾಟಕದ್ದೇ. ವಾಣಿಜ್ಯ ತೆರಿಗೆ ಇಲಾಖೆಯಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ದಿನಗೂಲಿಯಲ್ಲಿ ದುಡಿದವರ ಪ್ರಕರಣ, ‘ಉಮಾದೇವಿ ತೀರ್ಪು’ ಎಂದೇ ಹೆಸರಾಗಿದೆ. 2006ರ ಏಪ್ರಿಲ್ 10ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ, ಬಹಿರಂಗ ಸ್ಪರ್ಧೆಯಿಲ್ಲದೆ ಒಳಬಂದವರಿಗೆ ಕಾಯಮಾತಿ ಕೇಳುವ ಹಕ್ಕಿಲ್ಲ ಎಂದಿತು. ಹಂಗಾಮಿ ಕೆಲಸಕ್ಕೆ ಸೇರುವವರು ಕಣ್ಣು ತೆರೆದುಕೊಂಡೇ ಸೇರುತ್ತಾರೆ ಎಂಬುದು ಪೀಠದ ವಾದ. ಅವರಿಗೆ ಚೌಕಾಸಿ ಮಾಡುವ ಶಕ್ತಿಯಿಲ್ಲದಿರಬಹುದು ಎಂದೂ ಅದು ಒಪ್ಪಿಕೊಂಡಿತು. ಮಂಜೂರಾದ ಹುದ್ದೆಯಲ್ಲಿ, ಅರ್ಹತೆಯಿದ್ದು, ನ್ಯಾಯಾಲಯದ ಆದೇಶದ ಬಲವಿಲ್ಲದೆ ಹತ್ತು ವರ್ಷ ಪೂರೈಸಿದವರಿಗೆ ಮಾತ್ರ ಒಂದು ಬಾರಿಯ ರಿಯಾಯಿತಿ ಕೊಟ್ಟಿತು. ಹೊರಗೆ ಕಾಯುತ್ತಿರುವ ಲಕ್ಷಾಂತರ ನಿರುದ್ಯೋಗಿಗಳಿಗೂ ಸಮಾನ ಅವಕಾಶವಿದೆ ಎಂಬ ಅದರ ಕಾರಣವನ್ನು ಸುಲಭವಾಗಿ ತಳ್ಳಿಹಾಕಲಾಗದು. ಆದರೆ ನಿತ್ಯದ ಕೆಲಸಕ್ಕೆ ಹಂಗಾಮಿಗಳನ್ನೇ ತೆಗೆದುಕೊಳ್ಳುವ ಚಾಳಿಯನ್ನು ಸರ್ಕಾರಗಳು ಬಿಡಲಿಲ್ಲ. ಕಾಯಂ ಮಾಡುವುದಿಲ್ಲ ಎನ್ನಲು ಮಾತ್ರ ತೀರ್ಪನ್ನು ಬಳಸಿಕೊಂಡವು. 2024ರ ಡಿಸೆಂಬರಿನಲ್ಲಿ ಜಗ್ಗೋ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಈ ದುರ್ಬಳಕೆಯನ್ನು ಎತ್ತಿ ತೋರಿಸಿತು.

ಉಮಾದೇವಿ ತೀರ್ಪು ಬಂದ ವರ್ಷವೇ ಗುಜರಾತ್ ಇನ್ನೊಂದು ದಾರಿ ಹಿಡಿಯಿತು. 2006ರ ಫೆಬ್ರವರಿಯ ಸರ್ಕಾರಿ ನಿರ್ಣಯದಂತೆ, ಕೆಳದರ್ಜೆಯ ಹುದ್ದೆಗಳಿಗೆ ಆಯ್ಕೆಯಾದವರು ಮೊದಲ ಐದು ವರ್ಷ ಗೊತ್ತುಪಡಿಸಿದ ಮೊತ್ತಕ್ಕೆ ದುಡಿಯಬೇಕು. ಜನ ಇದನ್ನು ‘ಫಿಕ್ಸ್ ಪೇ’ ಎಂದು ಕರೆದರು. ಶಾಲೆಗಳಲ್ಲಿ ‘ವಿದ್ಯಾ ಸಹಾಯಕ’ರು ಅದಕ್ಕೂ ಮುಂಚೆಯೇ ಹೀಗೆ ದುಡಿಯುತ್ತಿದ್ದರು. ಇವರು ಹಿಂಬಾಗಿಲಿನಿಂದ ಬಂದವರಲ್ಲ, ಆಯ್ಕೆಯ ವಿಧಿಯನ್ನೆಲ್ಲ ದಾಟಿ ಬಂದವರು. 2012ರ ಜನವರಿಯಲ್ಲಿ ಸೋಲಾದ ಹೈಕೋರ್ಟ್ ಇದು ಸಮಾನತೆಗೆ ವಿರುದ್ಧವೆಂದಿತು. ಸರ್ಕಾರ ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಹೋಯಿತು, ಪದ್ಧತಿ ಮುಂದುವರಿಯಿತು.

ಎಂಜಿನಿಯರಿಂಗ್ ಓದಿದವರ ಪಾಡು ಎಷ್ಟೆಂಬುದು 2025ರ ಆಗಸ್ಟ್ 22ರ ಒಂದು ತೀರ್ಪಿನಿಂದ ತಿಳಿಯುತ್ತದೆ. ಗುಜರಾತಿನ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಮತ್ತು ಪಾಲಿಟೆಕ್ನಿಕ್‌ಗಳ ಗುತ್ತಿಗೆ ಸಹಾಯಕ ಪ್ರಾಧ್ಯಾಪಕರು ಹೂಡಿದ ದಾವೆಯದು. ಮಂಜೂರಾದ 2,720 ಹುದ್ದೆಗಳಲ್ಲಿ ಕಾಯಂ ಆಗಿ ಭರ್ತಿಯಾದವು 923 ಮಾತ್ರ. 158 ಹುದ್ದೆಗಳಲ್ಲಿ ಅಡ್‌ಹಾಕ್ ನೇಮಕ, 902ರಲ್ಲಿ ಗುತ್ತಿಗೆ, 737 ಖಾಲಿ. ಒಂದೇ ಪಾಠ ಹೇಳುವ ಕಾಯಂ ಅಧ್ಯಾಪಕರಿಗೆ ತಿಂಗಳಿಗೆ ಸುಮಾರು 1,36,952 ರೂಪಾಯಿ, ಅಡ್‌ಹಾಕ್ ಅಧ್ಯಾಪಕರಿಗೆ ಸುಮಾರು 1,16,000, ಗುತ್ತಿಗೆಯವರಿಗೆ 30,000. ಸಭೆಗಳಲ್ಲಿ ಗುರುಸ್ತುತಿಯ ಶ್ಲೋಕ ಹೇಳಿದರೆ ಸಾಲದು, ನಂಬಿಕೆಯಿದ್ದರೆ ಅದು ನಡೆಯಲ್ಲಿ ಕಾಣಬೇಕು ಎಂಬ ಅರ್ಥದ ಮಾತನ್ನು ನ್ಯಾಯಮೂರ್ತಿ ಪಿ.ಎಸ್. ನರಸಿಂಹ ಮತ್ತು ಜಯಮಾಲ್ಯ ಬಾಗ್ಚಿ ಅವರ ಪೀಠ ಹೇಳಿತು. ಸಹಾಯಕ ಪ್ರಾಧ್ಯಾಪಕರ ವೇತನಶ್ರೇಣಿಯ ಕನಿಷ್ಠ ಮೊತ್ತವನ್ನು ಬಾಕಿ ಸಹಿತ ಕೊಡುವಂತೆ ಆದೇಶಿಸಿತು. ಸಂಬಳದ ಅನ್ಯಾಯ ಹೀಗೆ ಸ್ವಲ್ಪ ಸರಿಯಾಯಿತು. ಹುದ್ದೆ ಗುತ್ತಿಗೆಯದಾಗಿಯೇ ಉಳಿಯಿತು.

ಕರ್ನಾಟಕದ ಸರ್ಕಾರಿ ಪದವಿ ಕಾಲೇಜುಗಳಲ್ಲೂ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರಿದ್ದಾರೆ. ಅವರಿಗೆ ಸಿಗುವುದಕ್ಕೆ ಸಂಬಳವೆಂಬ ಹೆಸರೂ ಇಲ್ಲ, ಅದು ಗೌರವಧನ. ತರಗತಿ ಬಿಟ್ಟು ಮುಷ್ಕರ ಕೂತ ಮೇಲೆ 2022ರ ಜನವರಿಯಲ್ಲಿ ಅದು ಏರಿತು. 2023ರ ಕೊನೆಯಲ್ಲಿ ಸೇವಾ ಭದ್ರತೆಗಾಗಿ ಮತ್ತೆ ಮುಷ್ಕರ ನಡೆಯಿತು. ಅತಿಥಿ ಎಂದರೆ ಬಂದು ಹೋಗುವವನು, ಇವರಲ್ಲಿ ಹಲವರು ಬಂದು ಹತ್ತು ಹದಿನೈದು ವರ್ಷಗಳಾಗಿವೆ.

ಆದರೂ ಜನ ಟ್ಯೂಷನ್ ಮುಚ್ಚಿ, ಅಂಗಡಿಯನ್ನು ತಮ್ಮನಿಗೆ ಬಿಟ್ಟು ಇಂಥ ಹುದ್ದೆಗೆ ಹೋಗುತ್ತಲೇ ಇದ್ದಾರೆ. ಅದನ್ನು ಬರೀ ಕಾಯಮಾತಿಯ ಆಸೆ ಎನ್ನಲಾಗದು. ಕಲಿತದ್ದನ್ನು ಕಲಿತ ಜಾಗದಲ್ಲಿ ಬಳಸಬೇಕು ಎಂಬುದೂ ಒಂದು ಹಸಿವು. ಗಾಂಧಿಯವರನ್ನು ಅರ್ಧ ಗಳಿಕೆಗೆ ಹಡಗು ಹತ್ತಿಸಿದ್ದರಲ್ಲಿ ಅದರ ಪಾಲೂ ಇತ್ತು. ಆದರೆ ಅವರಿಗೆ ಕರೆ ಕೊಟ್ಟ ವ್ಯಾಪಾರಿಗಳು ಕೆಲಸ ಏನು, ಎಷ್ಟು ದಿನ, ಎಷ್ಟು ಹಣ, ಮುಗಿದ ಮೇಲೆ ಮನೆಗೆ ಹೇಗೆ ಎಂಬುದನ್ನೆಲ್ಲ ಮೊದಲೇ ಹೇಳಿದ್ದರು. ಸಂವಿಧಾನವಿರುವ ಸರ್ಕಾರಗಳು ತಮ್ಮ ಅಧ್ಯಾಪಕರಿಗೆ ಇವಿಷ್ಟನ್ನು ಇನ್ನೂ ಹೇಳಿಲ್ಲ. ಕಣ್ಣು ತೆರೆದುಕೊಂಡೇ ಬಂದಿರಿ ಎಂದು ಯಾರಿಗಾದರೂ ಹೇಳುವ ಮುಂಚೆ ಅವರಿಗೆ ನೋಡಲು ಸಿಕ್ಕದ್ದೇನು ಎಂದು ಕೇಳಬೇಕಾಗುತ್ತದೆ. ಹಂಗಾಮು ಎಂದು ಮುಗಿಯುತ್ತದೆ ಎಂಬುದು ರೈತನಿಗಾದರೂ ಗೊತ್ತಿರುತ್ತದೆ.