ವಿಮಾನಕವಚದ ಸ್ಮರಣಿಕೆಗಳು

1970ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊನಲುಲುವಿಗೆ ತನ್ನ ಬೋಯಿಂಗ್ 747ರ ಸಂಚಾರವನ್ನಾರಂಭಿಸಿದ ಯುನೈಟೆಡ್ ಸಂಸ್ಥೆಯು, 2017ರ ನವೆಂಬರ್ 7ರಂದು ಅದೇ ಮಾರ್ಗದಲ್ಲಿಯೇ ಆ ಮಹಾವಿಮಾನಕ್ಕೆ ವಿದಾಯವನ್ನರ್ಪಿಸಿತು. ಹೀಗೆ ನಿವೃತ್ತವಾದ ವಿಮಾನಗಳಿಂದ ಯಂತ್ರಭಾಗಗಳನ್ನು ಕಳಚಿಕೊಂಡ ತರುವಾಯ, ಕುಲುಮೆಗೆ ಸಲ್ಲಬೇಕಾದ ಹೊರಕವಚವನ್ನು ಕತ್ತರಿಸಿ, ಅಂಚನ್ನು ನಯಗೊಳಿಸಿ, ಮಾದರಿಯ ಹೆಸರನ್ನೂ ನೋಂದಣಿ ಸಂಖ್ಯೆಯನ್ನೂ ಕೆತ್ತಿ, ಅಂಗೈಯಲ್ಲಡಗುವ ಸ್ಮರಣಿಕೆಗಳನ್ನಾಗಿ ಮಾರ್ಪಡಿಸುವ ಕುಶಲಕರ್ಮವನ್ನು ದಕ್ಷಿಣ ಕ್ಯಾಲಿಫೋರ್ನಿಯದ ಮೋಟೋಆರ್ಟ್ ಸಂಸ್ಥೆಯು ಪ್ರಸಿದ್ಧಿಗೆ ತಂದಿತು. ಅಲ್ಯುಮಿನಿಯಮ್ಮಿಗೆ ಸುಮಾರು ಶೇಕಡಾ 4ರಷ್ಟು ತಾಮ್ರವನ್ನು ಬೆರೆಸಿ ಬಲಪಡಿಸಿ, ಲೋಹಕ್ಷಯವನ್ನು ತಡೆಯಲೆಂದು ಶುದ್ಧ ಅಲ್ಯುಮಿನಿಯಮ್ಮಿನ ತೆಳುಹೊದಿಕೆಯನ್ನು ತೊಡಿಸಿದ ಇಂತಹ ತಗಡು, ಉನ್ನತಾಕಾಶದಲ್ಲಿ ಒಳಗಾಳಿಯ ಒತ್ತಡಕ್ಕೆ ಹಿಗ್ಗಿ, ನೆಲಕ್ಕಿಳಿದೊಡನೆ ಕುಗ್ಗಿ, ಸಹಸ್ರಾರು ಬಾರಿ ಆ ಶ್ರಮವನ್ನು ತಾಳಿಕೊಂಡ ಲೋಹವಾಗಿರುತ್ತದೆ. ಬಣ್ಣ ಮಾಸಿ ಗೀರುಬಿದ್ದ ತುಣುಕೇ ಹೊಳಪಿನ ತುಣುಕಿಗಿಂತ ಮಿಗಿಲೆಂಬುದು ನಮ್ಮ ಅಭಿಮತ. ಇಂತಹುದನ್ನು ಸಂಗ್ರಹಿಸುವವರು ಅದರ ಮೇಲಿನ ನೋಂದಣಿ ಸಂಖ್ಯೆಯನ್ನು ಗುರುತಿಟ್ಟುಕೊಂಡು, ಆ ವಿಮಾನದ ಸೇವಾಚರಿತ್ರೆಯನ್ನು ದಾಖಲೆಗಳಲ್ಲಿ ಅವಶ್ಯವಾಗಿ ಓದಬೇಕು.