ದೇವರ ಮನೆ, ಅರ್ಚಕನ ಮನೆ

ಅರಸೀಕೆರೆಯ ಈಶ್ವರ ದೇವಾಲಯವು ಇಮ್ಮಡಿ ವೀರಬಲ್ಲಾಳನ ಆಳ್ವಿಕೆಯ ಕೊನೆಯಲ್ಲಿ, 1220ರ ಸುಮಾರಿಗೆ ಸಿದ್ಧವಾಯಿತು. ನಕ್ಷತ್ರಾಕಾರದ ಅದರ ಮುಖಮಂಟಪವನ್ನು ಹೊಗಳದ ವಿದ್ವಾಂಸರಿಲ್ಲ. ನನ್ನ ಕುತೂಹಲ ಮಾತ್ರ ಬೇರೆ: ಆ ಲಿಂಗಕ್ಕೆ ದಿನವೂ ನೀರೆರೆಯುತ್ತಿದ್ದವನು ರಾತ್ರಿ ಯಾವ ಸೂರಿನಡಿ ಮಲಗುತ್ತಿದ್ದ?

ಇಂಗ್ಲೆಂಡಿನ ಹಳ್ಳಿಯಲ್ಲಾದರೆ ಇದಕ್ಕೆ ಉತ್ತರ ಸುಲಭ. ಅಲ್ಲಿ ಪಾದ್ರಿಗೆ ಉದ್ಯೋಗದೊಡನೆ ಮನೆಯೂ ದೊರೆಯುತ್ತಿತ್ತು. ಅದನ್ನು ರೆಕ್ಟರಿ ಎನ್ನುತ್ತಾರೆ. ಕವಿ ಟೆನಿಸನ್ 1809ರಲ್ಲಿ ಹುಟ್ಟಿದ್ದು ಲಿಂಕನ್‌ಷೈರಿನ ಸಾಮರ್ಸ್‌ಬಿಯ ಇಂಥದೊಂದು ಮನೆಯಲ್ಲಿ. ಪಾದ್ರಿಯಾಗಿದ್ದ ತಂದೆ ಅದಕ್ಕೆ ಗಾಥಿಕ್ ಶೈಲಿಯ ಊಟದ ಕೋಣೆಯೊಂದನ್ನು ತಾನೇ ಕಲ್ಪಿಸಿ ಸೇರಿಸಿದ. ಇಪ್ಪತ್ತನೆಯ ಶತಮಾನದಲ್ಲಿ ಇಂಥ ದೊಡ್ಡ ಮನೆಗಳ ದುರಸ್ತಿ ಭಾರವಾಗಿ ಚರ್ಚು ಅವನ್ನು ಮಾರುತ್ತ ಬಂದಿತು. ಸಾಮರ್ಸ್‌ಬಿಯದು ಈಗ ಖಾಸಗಿ ಗೃಹ. ಒಡೆತನ ಕೈಬದಲಾದರೂ ಗೋಡೆಗಳು ನಿಂತಿವೆ.

ನಮ್ಮ ಅರ್ಚಕನ ಮನೆ ಹಾಗೆ ಉಳಿಯಲಿಲ್ಲ. ಹೊಯ್ಸಳ ನಾಡಿನಲ್ಲಿ ಕಲ್ಲು ದೇವರ ಪಾಲು. ಮಣ್ಣು, ಮರ, ಹುಲ್ಲು ಮನುಷ್ಯರ ಪಾಲು. ಗಣಿಯಿಂದ ತೆಗೆದಾಗ ಮೃದುವಾಗಿದ್ದು ಗಾಳಿಗೆ ಗಟ್ಟಿಯಾಗುವ ಬಳಪದ ಕಲ್ಲು ಗುಡಿಗೆ ಸಂದಿತು. ಪೂಜಾರಿಗೆ ಗದ್ದೆ, ತೋಟ, ಒಮ್ಮೊಮ್ಮೆ ಮನೆಯ ನಿವೇಶನವನ್ನೂ ಬಿಟ್ಟುಕೊಟ್ಟ ಶಾಸನಗಳುಂಟು. ಆದರೆ ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆಂದು ದತ್ತಿ ಬಿಟ್ಟದ್ದು ಗುಡಿಗೇ ಹೊರತು ಗುಡಿಯವನ ಮಾಡಿಗಲ್ಲ. ಅರಸರ ಗತಿಯೂ ಇದಕ್ಕಿಂತ ಮೇಲಲ್ಲ. 1121ರಲ್ಲಿ ಆರಂಭವಾದ ಹೊಯ್ಸಳೇಶ್ವರ ಗುಡಿ 1311ರ ಮಲಿಕ್ ಕಾಫರನ ದಂಡಯಾತ್ರೆಯನ್ನು ಕಂಡೂ ಹಳೇಬೀಡಿನಲ್ಲಿ ನಿಂತಿದೆ. ಅರಮನೆಯಿತ್ತೆನ್ನುವ ಬೆಣ್ಣೆಗುಡ್ಡದಲ್ಲಿ ಕಾಣುವುದು ತಳಪಾಯದ ಕುರುಹುಗಳಷ್ಟೆ.

ಹಾಗಾದರೆ ಆ ಮನೆಗಳನ್ನು ಊಹಿಸಿಕೊಳ್ಳುವುದು ಹೇಗೆ? ಗುಡಿಯಲ್ಲೇ ಹುಡುಕಬೇಕು. ಅರಸೀಕೆರೆಯ ಮಂಟಪದ ಅಂಚಿನ ಕಕ್ಷಾಸನವನ್ನು ನೋಡಿ: ಗಿಡ್ಡ ಗೋಡೆ, ಒಳಬದಿಗೆ ಕೂರುವ ಕಟ್ಟೆ, ಮೇಲೆ ಮುಂಚಾಚಿದ ಸೂರು. ಇದು ನಮ್ಮ ಜಗಲಿಯಲ್ಲದೆ ಮತ್ತೇನು? ಬೇಲೂರಿನ ಚೆನ್ನಕೇಶವನ ಮಂಟಪವೂ 1117ರಲ್ಲಿ ತೆರೆದೇ ಇತ್ತು; ಜಾಲಂಧ್ರಗಳೂ ಬಾಗಿಲುಗಳೂ ಬಂದದ್ದು ಆಮೇಲೆ, ವೀರಬಲ್ಲಾಳನ ಕಾಲದಲ್ಲಿ. ಜಗಲಿಗೆ ಗೋಡೆಯೆತ್ತಿ ಕೋಣೆ ಮಾಡಿಕೊಳ್ಳುವ ಗೃಹಸ್ಥನ ಬುದ್ಧಿಯೂ ಇದೇ. ಮನೆಯನ್ನು ನೋಡಿ ಶಿಲ್ಪಿ ಗುಡಿ ಕಟ್ಟಿದನೆಂದೇ ನನ್ನ ಎಣಿಕೆ, ಶಾಸನದ ಆಧಾರವನ್ನು ಯಾರೂ ಕೇಳದಿದ್ದರೆ!

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೋ ಪಟ್ಟಿಗೆ ಸೇರಿದವು. ಸಂತೋಷ. ಆದರೆ ಈ ಸೀಮೆಯ ಹಳೆಯ ತೊಟ್ಟಿಮನೆಗಳು ಕಾಂಕ್ರೀಟಿಗೆ ಎಡೆಮಾಡಿಕೊಡುತ್ತಿವೆ. ಅವುಗಳ ಕಂಬ, ತೊಲೆ, ಜಗಲಿಗಳ ಅಳತೆಯನ್ನಾದರೂ ಕೆಡಹುವ ಮುನ್ನ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಬಹುದು. ಅದಕ್ಕೆ ಬೇಕಾದದ್ದು ಒಂದು ಟೇಪು, ಒಂದು ಮಧ್ಯಾಹ್ನ.